ಹಿತ್ತಲಿಗೆ ಬಂದ ಹಮ್ಮಿಂಗ್ ಹಕ್ಕಿ

ಅಮೆರಿಕದಲ್ಲಿರುವ ಮಗ-ಸೊಸೆಯ ಅಥವಾ ಮಗಳು-ಅಳಿಯನ ಮನೆಯಲ್ಲಿ ಆರು ತಿಂಗಳು ಇದ್ದು ಬರುವ ಹಿರಿಯರು ನಮ್ಮ ಸಂಘದಲ್ಲಿ ಈಗ ಕಡಿಮೆಯೇನಿಲ್ಲ. ನಯಾಗರಾ ಜಲಪಾತದ ವರ್ಣನೆ ಮುಗಿದ ಮೇಲೆ ಅವರಲ್ಲಿ ಅನೇಕರು ತಪ್ಪದೆ ಹೇಳುವ ಇನ್ನೊಂದು ಮಾತು ಹಮ್ಮಿಂಗ್ ಹಕ್ಕಿಯದು. ಅಡಿಗೆಮನೆಯ ಕಿಟಕಿಯ ಹೊರಗೆ ಕೆಂಪು ಬುಡದ ಒಂದು ಶೀಶೆ ತೂಗುಹಾಕಿರುತ್ತಾರೆ. ಅದರಲ್ಲಿ ಸಕ್ಕರೆ ನೀರು. ಹೆಬ್ಬೆರಳಿನಷ್ಟು ಹಕ್ಕಿಯೊಂದು ಬಂದು, ಗಾಳಿಯಲ್ಲೇ ನಿಂತು, ಕುಡಿದು ಹೋಗುತ್ತದೆ. ಕೇಳುತ್ತ ಕುಳಿತವರಲ್ಲಿ ಒಬ್ಬರಾದರೂ, "ಅದೇನು ಮಹಾ, ನಮ್ಮ ಬಾಲ್ಕನಿಯ ದಾಸವಾಳಕ್ಕೂ ಬರುತ್ತದಲ್ಲ" ಎನ್ನುವುದುಂಟು.

ಈ ದೆಹಲಿಯ ಸರ್ಕಾರಿ ವಸತಿಗಳ ಬಾಲ್ಕನಿಗೆ ಬರುವುದು ಹಮ್ಮಿಂಗ್ ಹಕ್ಕಿಯಲ್ಲ, ಸೂರಕ್ಕಿ. ಎರಡಕ್ಕೂ ಮಕರಂದವೇ ಆಹಾರವಾದ್ದರಿಂದ ಕೊಕ್ಕು, ಮೈಬಣ್ಣದ ಹೊಳಪು ಒಂದೇ ತರಹ ಕಾಣುತ್ತವೆ. ನೆಂಟಸ್ತಿಕೆ ಮಾತ್ರ ಇಲ್ಲ. ಸೂರಕ್ಕಿ ಸಾಮಾನ್ಯವಾಗಿ ರೆಂಬೆಯ ಮೇಲೆ ಕುಳಿತು ಹೂವಿಗೆ ಕೊಕ್ಕಿಡುತ್ತದೆ. ಹಮ್ಮಿಂಗ್ ಹಕ್ಕಿ ಕುಳಿತುಕೊಳ್ಳದೆಯೇ ಉಣ್ಣುತ್ತದೆ, ಹಿಂದಕ್ಕೂ ಹಾರುತ್ತದೆ. ಅದರ ಸುಮಾರು 360 ಜಾತಿಗಳೂ ಇಂದು ಅಮೆರಿಕ ಖಂಡಗಳಿಗೇ ಮೀಸಲು. ಜರ್ಮನಿಯಲ್ಲಿ ಸಿಕ್ಕ, ಸುಮಾರು 3 ಕೋಟಿ ವರ್ಷ ಹಳೆಯ ಪಳೆಯುಳಿಕೆಯೊಂದನ್ನು 2004ರಲ್ಲಿ ವಿವರಿಸಿದ ಮೇಲೆ, ಒಂದು ಕಾಲಕ್ಕೆ ಇದರ ಪೂರ್ವಜರು ಯುರೋಪಿನಲ್ಲೂ ಇದ್ದವೆಂದು ತಿಳಿಯಿತು. ಆ ಮಾತು ಹಾಗಿರಲಿ. ನಾವು ಇಲ್ಲಿ ಹೇಳಹೊರಟಿರುವುದು ಆ ಶೀಶೆಯ ಕಥೆ. ಕೇಳಲು ಅಲ್ಪವೆನಿಸಿದರೂ, ಹಕ್ಕಿಯನ್ನು ಮನುಷ್ಯನು ನೋಡುವ ಬಗೆಯೇ ಬದಲಾದ ಕಥೆ ಅದರೊಳಗಿದೆ.

ಆ ಖಂಡದ ಮೂಲನಿವಾಸಿಗಳಿಗೆ ಈ ಹಕ್ಕಿ ಹೊಸತಲ್ಲ. ಪೆರು ದೇಶದ ನಾಸ್ಕಾ ಮರುಭೂಮಿಯಲ್ಲಿ ನೆಲವನ್ನೇ ಗೀರಿ ಬಿಡಿಸಿದ ಹಮ್ಮಿಂಗ್ ಹಕ್ಕಿಯ ಚಿತ್ರ ಸುಮಾರು 93 ಮೀಟರು ಉದ್ದವಿದೆ. ಮೆಕ್ಸಿಕೋದ ಆಜ್ಟೆಕ್ ಜನರು ತಮ್ಮ ಯುದ್ಧದೇವತೆಯ ಹೆಸರಿನಲ್ಲೇ ಇದನ್ನು ಸೇರಿಸಿಕೊಂಡಿದ್ದರು. ರಣದಲ್ಲಿ ಮಡಿದ ವೀರರು ಹಮ್ಮಿಂಗ್ ಹಕ್ಕಿಗಳಾಗಿ ಮರಳುತ್ತಾರೆಂಬ ನಂಬಿಕೆಯೂ ಅವರಲ್ಲಿತ್ತು. ಬ್ರೆಜಿಲಿನ ಪೋರ್ಚುಗೀಸ್ ಮಾತಿನಲ್ಲಿ ಇದರ ಹೆಸರಿಗೆ ಹೂವಿಗೆ ಮುತ್ತಿಡುವುದು ಎಂಬರ್ಥ. ನಮಗೆ ಎಲ್ಲಕ್ಕಿಂತ ಹಿಡಿಸಿದ ಹೆಸರು ಅದೇ.

ಯುರೋಪಿನವರ ಕೈಗೆ ಸಿಕ್ಕ ಮೇಲೆ ಹಕ್ಕಿಯ ಹಣೆಬರಹ ಬೇರೆಯಾಯಿತು. ಇಂಗ್ಲೆಂಡಿನ ಜಾನ್ ಗೂಲ್ಡ್ (1804-1881) ಎಂಬಾತ ತೋಟಗಾರನ ಮಗ. ಸತ್ತ ಪ್ರಾಣಿಗಳ ಚರ್ಮಕ್ಕೆ ಹತ್ತಿ ತುಂಬಿ ನಿಲ್ಲಿಸುವ ಕಸುಬಿನಿಂದ ಮೇಲೆ ಬಂದವನು. ಹಮ್ಮಿಂಗ್ ಹಕ್ಕಿಗಳ ಹುಚ್ಚು ಅವನಿಗೆ ವಿಪರೀತವಾಗಿತ್ತು. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದ ಸಮಯದಲ್ಲಿ ರೀಜೆಂಟ್ಸ್ ಪಾರ್ಕಿನ ಮೃಗಾಲಯದೊಳಗೆ ಬೇರೆಯೇ ಒಂದು ಮನೆ ಕಟ್ಟಿಸಿ, ಗಾಜಿನ ಪೆಟ್ಟಿಗೆಗಳಲ್ಲಿ ಈ ಹಕ್ಕಿಗಳನ್ನು ಜೋಡಿಸಿಟ್ಟ. ಆರು ಪೆನ್ಸ್ ಟಿಕೆಟ್ಟು. ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಬಂದರು, ವಿಕ್ಟೋರಿಯಾ ರಾಣಿಯೂ ಬಂದಳು. 1849ರಿಂದ 1861ರವರೆಗೆ ಐದು ಸಂಪುಟಗಳಲ್ಲಿ, ಕೈಯಿಂದ ಬಣ್ಣ ತುಂಬಿದ 360 ಚಿತ್ರಪಟಗಳೊಡನೆ ಈ ಹಕ್ಕಿಗಳ ಮಹಾಗ್ರಂಥವನ್ನು ಆತ ಹೊರತಂದ.

ಇಷ್ಟೆಲ್ಲ ಮಾಡಿದವನು 1857ರವರೆಗೆ ಜೀವಂತ ಹಮ್ಮಿಂಗ್ ಹಕ್ಕಿಯೊಂದನ್ನು ಕಂಡಿರಲಿಲ್ಲ ಎಂದರೆ ವಾಚಕರಿಗೆ ಸೋಜಿಗವಾದೀತು. ಆ ವರ್ಷದ ಮೇ ತಿಂಗಳಿನಲ್ಲಿ, ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ಅಮೆರಿಕಕ್ಕೆ ಹೋಗಿ ಫಿಲಡೆಲ್ಫಿಯಾದ ಬಾರ್ಟ್ರಾಮ್ ತೋಟದಲ್ಲಿ ಮೊದಲ ಸಲ ಅದನ್ನು ಕಣ್ಣಾರೆ ನೋಡಿದ. ನೋಡಿ ಸುಮ್ಮನಿರಲಾಗಲಿಲ್ಲ. ಕೆಲವನ್ನು ಹಿಡಿದು, ಸಣ್ಣ ಶೀಶೆಯಿಂದ ಸಿಹಿಪಾಕ ಕುಡಿಸುತ್ತ ಹಡಗಿನಲ್ಲಿ ಇಂಗ್ಲೆಂಡಿಗೆ ತರಲು ಹವಣಿಸಿದ. ಲಂಡನ್ನು ಮುಟ್ಟಿದ್ದು ಒಂದೇ. ಅದೂ ಎರಡನೆಯ ದಿನ ಸತ್ತಿತು. ಶೀಶೆ, ಸಿಹಿನೀರು ಎರಡೂ ಆಗಲೇ ಅವನ ಕೈಯಲ್ಲಿದ್ದವು ಎಂಬುದನ್ನು ಗಮನಿಸಬೇಕು. ಹಕ್ಕಿಯನ್ನು ಅದರ ಪಾಡಿಗೆ ಬಿಟ್ಟು ಶೀಶೆಯನ್ನು ಹೊರಗೆ ತೂಗುಹಾಕುವ ಯೋಚನೆ ಮಾತ್ರ ಅವನಿಗೆ ಬರಲಿಲ್ಲ.

ಗೂಲ್ಡನದು ವಿದ್ಯೆಯ ಹಸಿವು ಎಂದು ಒಪ್ಪಿಕೊಳ್ಳೋಣ. ಅವನ ಹಿಂದೆಯೇ ಬಂದದ್ದು ಷೋಕಿಯ ಹಸಿವು. ಹೆಂಗಸರ ಟೋಪಿಗಳ ಮೇಲೆ ಇಡಿಯ ಹಮ್ಮಿಂಗ್ ಹಕ್ಕಿಗಳನ್ನೇ ಸಿಕ್ಕಿಸುವ, ಅವುಗಳ ತಲೆಗೆ ಚಿನ್ನದ ಕಟ್ಟು ಹಾಕಿ ಕಿವಿಯೋಲೆ ಮಾಡುವ ಕಾಲ ಬಂತು. ಲಂಡನ್ನಿನ ಹರಾಜುಕಟ್ಟೆಗಳಲ್ಲಿ ಚರ್ಮಗಳು ಕಟ್ಟುಕಟ್ಟಾಗಿ ಬಿಕರಿಯಾದವು. ಇದನ್ನು ಎದುರಿಸಿದವರಲ್ಲಿ ಮುಂದಿದ್ದವರೂ ಹೆಂಗಸರೇ: 1896ರಲ್ಲಿ ಬಾಸ್ಟನ್ನಿನ ಹ್ಯಾರಿಯೆಟ್ ಹೆಮನ್‌ವೇ ಮತ್ತು ಮಿನ್ನಾ ಹಾಲ್ ಎಂಬಿಬ್ಬರು ತಮ್ಮ ಪರಿಚಿತರನ್ನು ಚಹಾಕೂಟಗಳಿಗೆ ಕರೆದು, ಗರಿಯ ಟೋಪಿ ಬಿಡಿಸಿ, ಮ್ಯಾಸಾಚುಸೆಟ್ಸ್ ಆಡಬನ್ ಸೊಸೈಟಿಯನ್ನು ಕಟ್ಟಿದರು. ಕಾಯಿದೆಗಳು ಆಮೇಲೆ ಬಂದವು. ಭಾರತದಿಂದ ಕಾಡುಹಕ್ಕಿಗಳ ಗರಿ, ಚರ್ಮಗಳ ರಫ್ತನ್ನು ಸರ್ಕಾರ 1902ರಲ್ಲೇ ನಿಷೇಧಿಸಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಅಮೆರಿಕದ ವಲಸೆ ಹಕ್ಕಿಗಳ ಕಾಯಿದೆ 1918ರದು. ಬ್ರಿಟನ್ ಗರಿಯ ಆಮದನ್ನು ತಡೆದದ್ದು 1921ರಲ್ಲಿ.

ಕಾಯಿದೆಯು ಹಕ್ಕಿಯನ್ನು ಕೊಲ್ಲದಂತೆ ತಡೆದೀತು, ಹತ್ತಿರ ಕರೆಯಲಾರದು. ಆ ಕೆಲಸ ನಡೆದದ್ದು ಮನೆಗಳ ಹಿತ್ತಲಿನಲ್ಲಿ. ಮ್ಯಾಸಾಚುಸೆಟ್ಸಿನ ಬ್ರೂಕ್‌ಲೈನಿನಲ್ಲಿದ್ದ ಕ್ಯಾರೊಲಿನ್ ಸೋಲ್ ಎಂಬಾಕೆ ಕಂಬಳಿಹುಳು, ಪತಂಗಗಳನ್ನು ಸಾಕಿ ನೋಡುತ್ತಿದ್ದವರು. ಮುಂದೆ ಗೆಳತಿಯೊಡನೆ ಆ ಕುರಿತು ಪುಸ್ತಕವನ್ನೂ ಬರೆದರು. ಅವರು ದಪ್ಪ ಕಾಗದದಲ್ಲಿ ಕಹಳೆಯಾಕಾರದ ಹೂವು ಮಾಡಿ, ಜಲವರ್ಣ ಹಚ್ಚಿ, ಅದರೊಳಗೆ ಸಕ್ಕರೆ ನೀರಿನ ಪುಟ್ಟ ಶೀಶೆಯನ್ನಿಟ್ಟು ಕಟ್ಟಿದರು. ಹಕ್ಕಿ ಬಂದು ಕುಡಿಯಿತು. ಈ ಸಂಗತಿ 1900ರ ಅಕ್ಟೋಬರಿನ 'ಬರ್ಡ್ ಲೋರ್' ಪತ್ರಿಕೆಯಲ್ಲಿ ಅಚ್ಚಾಯಿತು.

ಸೋಲ್ ಆರಂಭಿಸಿದ್ದನ್ನು ಶಾಸ್ತ್ರವಾಗಿ ಮುಂದುವರಿಸಿದವರು ಐಯೊವಾ ಪ್ರಾಂತದ ನ್ಯಾಷನಲ್ ಎಂಬ ಸಣ್ಣ ಊರಿನ ಆಲ್ಥಿಯಾ ಶರ್ಮನ್ (1853-1943). ಈಕೆ ಓದಿದ್ದು ಚಿತ್ರಕಲೆ, ಮಾಡಿದ್ದು ಉಪಾಧ್ಯಾಯಿನಿಯ ಕೆಲಸ. 1895ರಲ್ಲಿ ವಯಸ್ಸಾದ ತಂದೆತಾಯಿಗಳ ಆರೈಕೆಗೆಂದು ಕೆಲಸ ಬಿಟ್ಟು ಊರಿಗೆ ಮರಳಿದರು. ಮನೆವಾರ್ತೆಯ ನಡುವೆ ಸಿಕ್ಕ ಬಿಡುವಿನಲ್ಲಿ ಹಿತ್ತಲ ಹಕ್ಕಿಗಳನ್ನು ನೋಡಿ, ನೋಡಿದ್ದನ್ನು ನೋಡಿದಂತೆ ಬರೆದಿಡಲು ಮೊದಲು ಮಾಡಿದರು. 1907ರಲ್ಲಿ ಮೇಣಬಟ್ಟೆಯ ಹೂವು ಮಾಡಿ, ಅಂಚಿಗೆ ತಂತಿ ಕೊಟ್ಟು, ಬಣ್ಣ ಬಳಿದು, ಸಕ್ಕರೆ ನೀರಿನ ಶೀಶೆಗೆ ತೊಡಿಸಿ ನಿಲ್ಲಿಸಿದರು. ಹಕ್ಕಿ ಬಂದಿತೆಂದು ಸಂತೋಷಪಟ್ಟು ಅಷ್ಟಕ್ಕೇ ನಿಲ್ಲಲಿಲ್ಲ. ಹಕ್ಕಿ ಬರುವುದು ಹೂವಿನ ಬಣ್ಣ ಕಂಡೋ, ಶೀಶೆಯ ರುಚಿ ತಿಳಿದೋ? ಅದನ್ನು ಅರಿಯಲು ಯಾವ ಹೂವೂ ಇಲ್ಲದ ಬರಿಯ ಶೀಶೆಯೊಂದನ್ನು ಕಡ್ಡಿಗೆ ಕಟ್ಟಿಟ್ಟರು. ಹಕ್ಕಿ ಅದನ್ನೂ ಪತ್ತೆಹಚ್ಚಿ ಕುಡಿಯಿತು. ಕೆಂಪಿಲ್ಲದಿದ್ದರೆ ಹಮ್ಮಿಂಗ್ ಹಕ್ಕಿ ಬಾರದೆಂಬ ಮಾತು ಅಲ್ಲಿಗೆ ಸಡಿಲಿತು. ಕೆಂಪು ಬಣ್ಣ ದೂರದಿಂದ ಕಣ್ಣಿಗೆ ಬೀಳುವ ಗುರುತು ಹೌದು. ಒಮ್ಮೆ ರುಚಿ ಕಂಡ ಹಕ್ಕಿ ನಂಬುವುದು ತನ್ನ ನೆನಪನ್ನು.

ಏಳು ಬೇಸಗೆಗಳ ಈ ಪ್ರಯೋಗದ ವರದಿ 1913ರಲ್ಲಿ 'ವಿಲ್ಸನ್ ಬುಲೆಟಿನ್' ಎಂಬ ಪಕ್ಷಿಶಾಸ್ತ್ರದ ಪತ್ರಿಕೆಯಲ್ಲಿ ಬಂತು. ನಮ್ಮಂಥ ಬಿ.ಎಸ್ಸಿ. ಪದವೀಧರರು ಉದ್ದೇಶ, ಉಪಕರಣ, ವಿಧಾನ, ಫಲಿತಾಂಶ ಎಂದು ದಾಖಲೆ ಪುಸ್ತಕ ತುಂಬಿಸಿ, ಪರೀಕ್ಷಕರ ಸಹಿ ಬಿದ್ದ ಮರುದಿನವೇ ಅದನ್ನು ರದ್ದಿಗೆ ಹಾಕಿದವರು. ಈಕೆಗೆ ಪರೀಕ್ಷಕರೂ ಇರಲಿಲ್ಲ, ಪ್ರಯೋಗಾಲಯವೂ ಇರಲಿಲ್ಲ. ದಿನಾಂಕ ಹಾಕಿ ಬರೆದಿಟ್ಟ ಟಿಪ್ಪಣಿಗೆ ಎಷ್ಟು ಬೆಲೆಯೆಂಬುದು ಕಡತಗಳ ನಡುವೆ ಬದುಕುವ ನಮಗೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚಾಗಿಯೇ ಗೊತ್ತು. 1915ರಲ್ಲಿ ಇದೇ ಶರ್ಮನ್, ಚಿಮಣಿಯೊಳಗೆ ಗೂಡು ಕಟ್ಟುವ ಸ್ವಿಫ್ಟ್ ಹಕ್ಕಿಗಳನ್ನು ಒಳಗಿನಿಂದಲೇ ನೋಡಲು ಹಿತ್ತಲಿನಲ್ಲಿ ಮರದ ಗೋಪುರ ಕಟ್ಟಿಸಿದರು. ಸ್ವಿಫ್ಟ್ ಎಂಬುದು ಹಮ್ಮಿಂಗ್ ಹಕ್ಕಿಯ ದಾಯಾದಿ.

ಆಮೇಲಿನದು ಬೇಗ ನಡೆದ ಕಥೆ. 1928ರ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಯಲ್ಲಿ ಮಾರ್ಗರೆಟ್ ಬೋಡೀನ್ ಎಂಬಾಕೆ ತನ್ನ ತೋಟದ ಹಮ್ಮಿಂಗ್ ಹಕ್ಕಿಗಳ ಬಗೆಗೆ ಬರೆದ ಲೇಖನವನ್ನು ಲಾರೆನ್ಸ್ ವೆಬ್‌ಸ್ಟರ್ ಎಂಬ ಬಾಸ್ಟನ್ ಗೃಹಸ್ಥರು ಓದಿ, ಅದೇ ರೀತಿಯದನ್ನು ಗಾಜಿನಲ್ಲಿ ಊದಿಸಿಕೊಂಡರು. ಅವರ ಬೇಸಗೆ ಮನೆಯಲ್ಲಿ ಆ ಶೀಶೆಗೆ ಬರುತ್ತಿದ್ದ ಹಕ್ಕಿಗಳ ಚಿತ್ರವನ್ನು ಮ್ಯಾಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಹೆರಾಲ್ಡ್ ಎಡ್ಜರ್ಟನ್ ಕ್ಷಣಾರ್ಧದ ಮಿಂಚುದೀಪದಿಂದ ತೆಗೆದರು. ಸೆಕೆಂಡಿಗೆ ಐವತ್ತು ಸಲದಷ್ಟು ಬಡಿಯುವ ರೆಕ್ಕೆ ಮೊದಲ ಸಲ ಸ್ಪಷ್ಟವಾಗಿ ನಿಂತು ಕಂಡಿತು. ಚಿತ್ರಗಳು 1947ರಲ್ಲಿ ಅಚ್ಚಾದ ಮೇಲೆ ಬೇಡಿಕೆ ಹುಟ್ಟಿ, 1950ರಲ್ಲಿ ಶೀಶೆ ಅಂಗಡಿಗೆ ಬಂತು.

ದಕ್ಷಿಣದಲ್ಲಿ ಈ ಕೆಲಸಕ್ಕೆ ಹೆಸರಾದವರು ಬ್ರೆಜಿಲಿನ ಆಗುಸ್ತೊ ರುಶ್ಚಿ (1915-1986). ಸಾಂತಾ ತೆರೇಜಾ ಊರಿನಲ್ಲಿ 1949ರಲ್ಲಿ ತಮ್ಮ ಮನೆಯ ಜಾಗದಲ್ಲೇ ಜೀವಶಾಸ್ತ್ರ ಸಂಗ್ರಹಾಲಯ ತೆರೆದು, ಅಲ್ಲಿ ಶೀಶೆಗಳನ್ನು ತೂಗುಹಾಕಿ ಹಮ್ಮಿಂಗ್ ಹಕ್ಕಿಗಳನ್ನು ಕರೆದರು. ಸುತ್ತಲ ಕಾಡು ಉಳಿಸಲು ಅಧಿಕಾರಸ್ಥರೊಡನೆ ಕಾದಾಡಿದರು. ಮುಂದೆ 500 ಕ್ರುಜಾಡೊ ನೋವೊ ನೋಟಿನ ಮೇಲೆ ಅವರ ಚಿತ್ರ ಬಂತು. ಹಕ್ಕಿ ನೋಡುತ್ತ ಕುಳಿತವನ ಮುಖವನ್ನು ನೋಟಿನ ಮೇಲೆ ಹಾಕಿದ ಸರ್ಕಾರದ ಬಗ್ಗೆ ನಮಗೆ ಗೌರವವಿದೆ.

ಮಕ್ಕಳ ಮನೆಗೆ ಹೋಗಿ ಶೀಶೆ ತುಂಬಿಸುವ ಹಿರಿಯರಿಗೆ ಎರಡು ಮಾತು. ಒಂದು ಲೋಟ ಬಿಳಿಯ ಸಕ್ಕರೆಗೆ ನಾಲ್ಕು ಲೋಟ ನೀರು; ಅಲ್ಲಿನ ಹೂಗಳ ಮಕರಂದದ ಸಿಹಿಗೆ ಇದು ಹತ್ತಿರ. ನಮ್ಮ ಹೆಂಗಸರಿಗೆ ಕೈಗೂಡಿದ ಒಂದೆಳೆ ಪಾಕ ಇಲ್ಲಿ ಬೇಡ. ಪ್ರೀತಿಯಿಂದ ಜೇನುತುಪ್ಪವನ್ನಾಗಲಿ ಬೆಲ್ಲವನ್ನಾಗಲಿ ಬೆರೆಸುವುದೂ ಬೇಡ. ಜೇನು ಬೆರೆತ ನೀರಿನಲ್ಲಿ ಬೂಷ್ಟು ಬೇಗ ಬೆಳೆಯುತ್ತದೆ. ನೀರಿಗೆ ಕೆಂಪು ಬಣ್ಣ ಹಾಕುವ ರೂಢಿ ಬಹಳ ಕಾಲ ಇತ್ತು. ಹಾಗೆ ಬಳಸಬಹುದಾಗಿದ್ದ ಬಣ್ಣಗಳಲ್ಲೊಂದನ್ನು 1976ರಲ್ಲಿ ಅಮೆರಿಕದ ಸರ್ಕಾರ ಮನುಷ್ಯರ ಆಹಾರದಿಂದಲೇ ತೆಗೆಸಿತು. ಸೆಖೆಯ ದಿನಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ಶೀಶೆ ತೊಳೆಯಲೇಬೇಕು. ಇನ್ನು ಸಕ್ಕರೆಯಿಂದ ಬರುವುದು ಹಾರುವ ಶಕ್ತಿ ಮಾತ್ರ. ಮೈ ಬೆಳೆಯಲು ಹಕ್ಕಿ ಸಣ್ಣ ಹುಳುಗಳನ್ನೂ ಜೇಡಗಳನ್ನೂ ತಿನ್ನಬೇಕು, ಗೂಡು ಹೆಣೆಯಲು ಜೇಡನ ನೂಲೂ ಬೇಕು. ಕೀಟನಾಶಕ ಸಿಂಪಡಿಸಿದ ತೋಟದಲ್ಲಿ ಶೀಶೆ ತೂಗುಹಾಕಿ ಪ್ರಯೋಜನವಿಲ್ಲ.

ಈ ಉಪಚಾರದಿಂದ ಹಕ್ಕಿಗೆ ಏನಾಯಿತು? ಕ್ಯಾಲಿಫೋರ್ನಿಯಾದ ಅನ್ನಾ ಹಮ್ಮಿಂಗ್ ಹಕ್ಕಿ ನೂರು ವರ್ಷಗಳ ಹಿಂದೆ ಸ್ಯಾನ್ ಫ್ರಾನ್ಸಿಸ್ಕೋದ ಆಸುಪಾಸಿನಿಂದ ದಕ್ಷಿಣಕ್ಕಷ್ಟೇ ಮರಿಮಾಡುತ್ತಿತ್ತು. ಹೊರದೇಶದ ನೀಲಗಿರಿ ಮರಗಳು, ಮನೆಗಳ ಹೂದೋಟಗಳು, ಸಕ್ಕರೆ ಶೀಶೆಗಳು ಹೆಚ್ಚಿದಂತೆ ಅದು ಉತ್ತರಕ್ಕೆ ಸರಿಯುತ್ತ ಕೆನಡಾ ಮುಟ್ಟಿ, ಚಳಿಗಾಲವನ್ನೂ ಅಲ್ಲೇ ಕಳೆಯತೊಡಗಿತು. ಹುಟ್ಟಿದ ಸೀಮೆ ಬಿಟ್ಟು ಅನ್ನ ಸಿಕ್ಕಲ್ಲಿ ನೆಲೆಯೂರುವುದು ನಮಗೇನೂ ಅಪರಿಚಿತವಲ್ಲ. ಆದರೆ 2025ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇನ್ನೂ ಮುಂದೆ ಹೋಗಿ, ಶೀಶೆಗಳು ಹೆಚ್ಚಿದ ಕಡೆಗಳಲ್ಲಿ ಈ ಹಕ್ಕಿಯ ಕೊಕ್ಕೇ ಕೆಲವು ತಲೆಮಾರುಗಳಲ್ಲಿ ಉದ್ದವಾಗಿ, ತುದಿ ಸಪೂರವಾಗಿ ಬದಲಾಗಿದೆ ಎಂದು ತೋರಿಸಿದೆ. ಕೊಕ್ಕುಗಳ ಈ ಅಳತೆಗೆ ಒದಗಿದ್ದು ಸಂಗ್ರಹಾಲಯಗಳ ಪೆಟ್ಟಿಗೆಗಳಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಚೀಟಿ ಕಟ್ಟಿಸಿಕೊಂಡು ಮಲಗಿದ್ದ, ಗೂಲ್ಡನ ಕಾಲದಿಂದೀಚಿನ ಆ ಸತ್ತ ಹಕ್ಕಿಗಳು.