ಲೋಕಾಯುಕ್ತ ಬಂದ ದಾರಿ



ಖಾತೆ ಬದಲಾವಣೆಗೆ ಅರ್ಜಿ ಕೊಟ್ಟು ಚಪ್ಪಲಿ ಸವೆಸಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. "ನಾಳೆ ಬಾ" ಅನ್ನೋದನ್ನ ಕೇಳಿ ಕೇಳಿ ಸಾಕಾಗಿ, "ಲೋಕಾಯುಕ್ತಕ್ಕೆ ಬರೀತೀನಿ" ಅಂದುಬಿಡುತ್ತೇವೆ. ಅದು ಎಲ್ಲಿಂದ ಬಂತು, ಅದರ ಕೈಲಿ ಏನಾಗುತ್ತೆ ಎಂದು ತಿಳಿದವರು ಕಡಿಮೆ.

ಇದರ ಬೇರು ಸ್ವೀಡನ್ ದೇಶದ್ದು. ಅಲ್ಲಿನ 12ನೇ ಚಾರ್ಲ್ಸ್ ದೊರೆ ಯುದ್ಧದಲ್ಲಿ ಸೋತು ತುರ್ಕಿಯವರ ಸೀಮೆಯಲ್ಲಿ ಉಳಿದಿದ್ದಾಗ, ತನ್ನ ಅಧಿಕಾರಿಗಳು ಕಾಯಿದೆಯಂತೆ ನಡೆಯುತ್ತಾರೋ ಇಲ್ಲವೋ ನೋಡಲು 1713ರಲ್ಲಿ ಒಬ್ಬನನ್ನು ನೇಮಿಸಿದ. ಅವರ ಭಾಷೆಯಲ್ಲಿ ಓಂಬುಡ್ಸ್‌ಮನ್ ಎಂದರೆ ಪ್ರತಿನಿಧಿ. ಯಜಮಾನ ಪರಸ್ಥಳಕ್ಕೆ ಹೋಗುವಾಗ ಹೊಲ ನೋಡಲು ನಂಬಿಕಸ್ತನನ್ನು ಬಿಟ್ಟು ಹೋದ ಹಾಗೆ. ಆದರೆ ಅವನು ದೊರೆಯ ಆಳು. 1809ರ ಸಂವಿಧಾನದಲ್ಲಿ ಅಲ್ಲಿನ ಸಂಸತ್ತು ತನ್ನದೇ ಓಂಬುಡ್ಸ್‌ಮನ್ ಹುದ್ದೆ ಮಾಡಿತು. ಸರ್ಕಾರದ ಹಂಗಿಲ್ಲದೆ ದೂರು ಕೇಳುವವನು ಜನಕ್ಕೆ ಸಿಕ್ಕಿದ್ದು ಆಗಲೇ.

ನಮ್ಮ ದೇಶದಲ್ಲಿ 1966ರಲ್ಲಿ ಆಡಳಿತ ಸುಧಾರಣಾ ಆಯೋಗವು ಕೇಂದ್ರಕ್ಕೆ ಲೋಕಪಾಲ, ರಾಜ್ಯಗಳಿಗೆ ಲೋಕಾಯುಕ್ತ ಬೇಕೆಂದು ವರದಿ ಕೊಟ್ಟಿತು. ಲೋಕಪಾಲ ಮಸೂದೆ ಸಂಸತ್ತಿನಲ್ಲಿ ಪಾಸಾಗಿದ್ದು 2013ರಲ್ಲಿ! ನಮ್ಮ ರಾಜ್ಯ ಅಷ್ಟು ಕಾಯಲಿಲ್ಲ. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಆಗಿದ್ದಾಗ 1984ರ ಕಾಯಿದೆ ಬಂದು, 1986ರಲ್ಲಿ ಜಾರಿಯಾಯಿತು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಡಿ. ಕೋಶಲ್ ಮೊದಲ ಲೋಕಾಯುಕ್ತರು.

ಹಳ್ಳಿ ಜನರ ಬಾಯಿಗೆ ಈ ಹೆಸರು ಬಂದದ್ದು ಮಾತ್ರ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರ ಕಾಲದಲ್ಲಿ, 2001ರಿಂದ 2006ರವರೆಗೆ. ಕಚೇರಿ, ಆಸ್ಪತ್ರೆ ಅನ್ನದೆ ದಿಢೀರನೆ ನುಗ್ಗುತ್ತಿದ್ದರು. ನಂತರ ಬಂದ ಸಂತೋಷ್ ಹೆಗ್ಡೆಯವರ 2011ರ ಗಣಿ ವರದಿಯಿಂದ ಮುಖ್ಯಮಂತ್ರಿಗಳೇ ರಾಜೀನಾಮೆ ಕೊಡಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆಯೂ ಇದೆ: 2015ರಲ್ಲಿ ಆ ಕಚೇರಿಯ ಮೇಲೆಯೇ ಲಂಚದ ಆರೋಪ ಬಂದು ಆಗಿನ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. 2016ರಲ್ಲಿ ಸರ್ಕಾರ ಎ.ಸಿ.ಬಿ. ಮಾಡಿ ಲೋಕಾಯುಕ್ತ ಪೊಲೀಸರ ಬಲ ಕಿತ್ತುಕೊಂಡಿತು. 2022ರಲ್ಲಿ ಹೈಕೋರ್ಟು ಎ.ಸಿ.ಬಿ. ರದ್ದು ಮಾಡಿ ಅದನ್ನು ವಾಪಸು ಕೊಡಿಸಿತು.

ಒಂದು ಮಾತು ತಿಳಿದಿರಬೇಕು. ವಿಚಾರಣೆ ಮುಗಿದ ಮೇಲೆ ಲೋಕಾಯುಕ್ತರು ಸರ್ಕಾರಕ್ಕೆ ಶಿಫಾರಸು ಮಾಡಬಹುದು, ತಾವೇ ನೌಕರನನ್ನು ಮನೆಗೆ ಕಳಿಸುವಂತಿಲ್ಲ. ಸರ್ಕಾರ ಫೈಲಿನ ಮೇಲೆ ಕೂತರೆ ಕೂತ ಹಾಗೆಯೇ. ನನ್ನ ಮಟ್ಟಿಗೆ ಇದೇ ದೊಡ್ಡ ಕೊರತೆ.

ಇನ್ನು ನಮ್ಮ ಸಂಘದ ಮೇಲೆ ದೂರಿದ್ದರೆ? ನಿರ್ದೇಶಕನೇ ಇದನ್ನು ಹೇಳ್ತಾನಲ್ಲ ಅಂತ ಕೆಲವರು ನಗಬಹುದು. ಮೊದಲು ಮಹಾಸಭೆಯಲ್ಲಿ ಎದ್ದು ಕೇಳಿ. ಉತ್ತರ ಸಿಗದಿದ್ದರೆ 1959ರ ಸಹಕಾರ ಸಂಘಗಳ ಕಾಯಿದೆಯ 70ನೇ ಕಲಮಿನಂತೆ ವಿವಾದವನ್ನು ನಿಬಂಧಕರ ಮುಂದೆ ಇಡುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ ಇದೆ.