ಹೈಬ್ರಿಡ್ ಕೋಲು: ಲಾಫ್ಟ್ ಮತ್ತು ಲೈ ಹೊಂದಾಣಿಕೆ

ಗಾಲ್ಫ್‌ನಲ್ಲಿ ಉದ್ದನೆಯ ಐರನ್‌ಗಳ ಬದಲಿಗೆ ಬಳಸುವ ಹೈಬ್ರಿಡ್ ಕೋಲಿನ ಎರಡು ಕೋನಗಳನ್ನು ಆಟಗಾರರ ಎತ್ತರಕ್ಕೂ ಹೊಡೆತದ ರೀತಿಗೂ ತಕ್ಕಂತೆ ತಿದ್ದುವ ಕೆಲಸ. ಕೋಲಿನ ಮುಖ ಲಂಬರೇಖೆಯಿಂದ ಹಿಂದಕ್ಕೆ ವಾಲಿರುವ ಕೋನ ಲಾಫ್ಟ್. ತಳ ನೆಲದ ಮೇಲೆ ಸಮನಾಗಿ ಕೂತಾಗ ಶಾಫ್ಟ್ ನೆಲದೊಂದಿಗೆ ಮಾಡುವ ಕೋನ ಲೈ. ಮೂರನೇ ನಂಬರಿನ ಹೈಬ್ರಿಡ್‌ಗೆ ಸುಮಾರು 19°, ನಾಲ್ಕಕ್ಕೆ 22° ಲಾಫ್ಟ್ ರೂಢಿ. ತಳದಲ್ಲಿ ಕೆತ್ತಿದ ಅಂಕಿಯನ್ನೇ ನಂಬಬಾರದು. ಅಳೆದು ನೋಡಿದರೆ ಒಂದು ಡಿಗ್ರಿ ಆಚೀಚೆ ಬರುವುದುಂಟು.

ಬಗ್ಗಿಸುವ ವಿಧಾನ: ಫೋರ್ಜ್ ಮಾಡಿದ ಮೆದು ಉಕ್ಕಿನ ಐರನ್ ಅನ್ನು ಯಂತ್ರದಲ್ಲಿ ಬಿಗಿದು, ಸರಳಿನಿಂದ ಎಳೆದು ಬಗ್ಗಿಸುವುದು ನಿತ್ಯದ ಕೆಲಸ. ಹೈಬ್ರಿಡ್ ಹಾಗೆ ಮಣಿಯುವುದಿಲ್ಲ. ಅದರ ತಲೆ ಟೊಳ್ಳು, ಗೋಡೆ ತೆಳು, ಶಾಫ್ಟ್ ಕೂರುವ ಕತ್ತು ಗಿಡ್ಡ. ಹೆಚ್ಚಿನವನ್ನು ಎರಕ ಹೊಯ್ಯುವುದು 17-4 ಸ್ಟೇನ್‌ಲೆಸ್ ಉಕ್ಕಿನಲ್ಲಿ: ನೂರರಲ್ಲಿ ಸುಮಾರು 17 ಪಾಲು ಕ್ರೋಮಿಯಂ, 4 ಪಾಲು ನಿಕಲ್, ಜೊತೆಗೆ ಅಷ್ಟೇ ತಾಮ್ರ. ಕುಲುಮೆಯಲ್ಲಿ 480 ಡಿಗ್ರಿ ಸೆಲ್ಸಿಯಸ್‌ನಿಂದ ಮೇಲಿನ ಕಾವಿನಲ್ಲಿ ಹದಗೊಳಿಸಿದಾಗ ತಾಮ್ರ ಸೂಕ್ಷ್ಮ ಕಣಗಳಾಗಿ ಬೇರ್ಪಟ್ಟು ಲೋಹಕ್ಕೆ ಗಡಸುತನ ಕೊಡುತ್ತದೆ. ಎಚ್‌ಎಎಲ್ ವಿಮಾನ ಕಾರ್ಖಾನೆಯ ಸುತ್ತ ಬೆಳೆದ ಬೆಂಗಳೂರಿನ ವಿಮಾನಪುರದಲ್ಲಿ ಲೋಹದ ಕೆಲಸ ಬಲ್ಲವರಿಗೆ ಈ ಉಕ್ಕು ಅಪರಿಚಿತವಲ್ಲ. ವಿಮಾನದ ಬಿಡಿಭಾಗಗಳಿಗೂ ಇದೇ ಉಕ್ಕು ಬಳಕೆಯಲ್ಲಿದೆ. ಗಡಸು ಲೋಹ ಬಾಗಿದ ಮೇಲೂ ತುಸು ಹಿಂದಕ್ಕೆ ಚಿಮ್ಮುತ್ತದೆ, ಅತಿಯಾದರೆ ಕತ್ತಿನಲ್ಲಿ ಬಿರುಕು ಬಿಡುತ್ತದೆ. ಒಂದು, ಹೆಚ್ಚೆಂದರೆ ಎರಡು ಡಿಗ್ರಿಗೆ ನಿಲ್ಲಿಸುವುದೇ ಜಾಣತನ.

ತಿರುಗಿಸುವ ಸ್ಲೀವ್: ತೂಕವಲ್ಲದೆ ಕೋನವನ್ನೂ ಬದಲಿಸಬಹುದಾದ ಕೋಲುಗಳಿಗೆ 2008ರ ಜನವರಿ 1ರಿಂದ ನಿಯಮ ಅವಕಾಶ ಕೊಟ್ಟಿತು. ಶಾಫ್ಟ್ ತುದಿ ಕೂರುವ ಸ್ಲೀವಿನ ರಂಧ್ರ ತುಸು ಓರೆ. ತಿರುಗಿಸಿ ಕೂರಿಸಿದರೆ ಶಾಫ್ಟ್ ಬೇರೆ ದಿಕ್ಕಿಗೆ ವಾಲುತ್ತದೆ. ಲಾಫ್ಟ್ ಹೆಚ್ಚಿಸಿದಾಗ, ತಳವೂರಿ ನಿಲ್ಲಿಸಿದ ಕೋಲಿನ ಮುಖ ಮುಚ್ಚಿದಂತೆ ಕಾಣುವುದು ಇದರಿಂದಲೇ. ಟಾರ್ಕ್ ವ್ರೆಂಚ್ 'ಟಕ್' ಎನ್ನುವವರೆಗೆ ಸ್ಕ್ರೂ ಬಿಗಿಯಬೇಕು. ಆ ಬಿಗಿತ ಸುಮಾರು 4ರಿಂದ 4.5 ನ್ಯೂಟನ್-ಮೀಟರ್.

ಲೈ ತಪ್ಪಿದರೆ: ತಳಕ್ಕೆ ಟೇಪ್ ಅಂಟಿಸಿ ಪ್ಲಾಸ್ಟಿಕ್ ಹಲಗೆಯ ಮೇಲಿನಿಂದ ಹೊಡೆಸಿದಾಗ ಗೀರು ಹಿಮ್ಮಡಿ ಕಡೆ, ಅಂದರೆ ಶಾಫ್ಟ್ ಇರುವ ಬದಿಗೆ, ಬಿದ್ದರೆ ಲೈ ಅತಿ ನೆಟ್ಟಗಿದೆ ಎಂದರ್ಥ, ಬಲಗೈ ಆಟಗಾರನ ಚೆಂಡು ಎಡಕ್ಕೆ ಹೋಗುತ್ತದೆ. ಎಷ್ಟು ಎಡಕ್ಕೆ ಎಂಬುದನ್ನು ಲಾಫ್ಟ್ ನಿರ್ಧರಿಸುತ್ತದೆ. ಲೈ 2° ತಪ್ಪಿದರೆ 22° ಹೈಬ್ರಿಡ್‌ನ ಮುಖ ತಿರುಗುವುದು ಸುಮಾರು 0.8° ಮಾತ್ರ, ಅಂದರೆ 165 ಮೀಟರಿಗೆ ಎರಡೂಕಾಲು ಮೀಟರು. ಅದೇ ತಪ್ಪು 46° ವೆಜ್‌ನಲ್ಲಿ 2° ದಾಟುತ್ತದೆ. ಆದ್ದರಿಂದ ಹೈಬ್ರಿಡ್‌ನಲ್ಲಿ ಲೈಗಿಂತ ಲಾಫ್ಟ್‌ಗೆ ಮೊದಲು ಗಮನ ಕೊಡುವುದು ಸರಿ.

ಬೆಂಗಳೂರಿನಲ್ಲಿ: ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ವಿಮಾನಪುರಕ್ಕೆ ಹತ್ತಿರದ ಮೈದಾನ, ಹಳೆ ವಿಮಾನ ನಿಲ್ದಾಣ ರಸ್ತೆಯ ಕಡೆ, ಚಲ್ಲಘಟ್ಟ ಕೆರೆಯಂಗಳದಲ್ಲಿರುವ ಕರ್ನಾಟಕ ಗಾಲ್ಫ್ ಸಂಸ್ಥೆಯದು. ನಗರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ ಚೆಂಡು ಅಂದಾಜು ಶೇ. 3ರಷ್ಟು ಹೆಚ್ಚು ದೂರ ಹೋಗುತ್ತದೆ. ಮಂಗಳೂರಿನ ಪಿಲಿಕುಳದಲ್ಲಿ 165 ಮೀಟರ್ ಹೋಗುವ ಹೊಡೆತ ಇಲ್ಲಿ 170 ಮುಟ್ಟಬಹುದು. ಹಾಗಾಗಿ ಕರಾವಳಿಯಲ್ಲಿ ಹೊಂದಿಸಿದ ಲಾಫ್ಟ್ ಅಂತರಗಳನ್ನು ಇಲ್ಲಿ ಮತ್ತೊಮ್ಮೆ ಹೊಡೆದು ಪರೀಕ್ಷಿಸಬೇಕು. ದೂರದ ಹೊಡೆತಕ್ಕಿಂತ ನಿಖರತೆಗೆ ಹೆಸರಾದ ಬೆಂಗಳೂರಿನ ಅದಿತಿ ಅಶೋಕ್, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಇತರರು ಐರನ್ ಹಿಡಿಯುವ ದೂರದಲ್ಲಿ ಅವರು ಹೈಬ್ರಿಡ್, ವುಡ್‌ಗಳನ್ನು ನೆಚ್ಚುತ್ತಾರೆ.

ನಿಯಮ: ಸುತ್ತಿನ ನಡುವೆ ಸ್ಲೀವ್ ತಿರುಗಿಸಿ ಆ ಕೋಲಿನಿಂದ ಚೆಂಡು ಹೊಡೆದರೆ ಆಟಗಾರ ಅನರ್ಹ. ಹೊಡೆಯುವ ಮೊದಲೇ ಹಿಂದಿನ ಗುರುತಿಗೆ ಮರಳಿಸಿದರೆ ದಂಡವಿಲ್ಲ.