ಉಸಿರಾಟದ ವೈರಾಣು ಸೋಂಕುಗಳ ತಡೆಯಲ್ಲಿ ಪೌಷ್ಟಿಕ ಆಹಾರದ ಪಾತ್ರ ಮತ್ತು ಅಂಗನವಾಡಿ ಕೇಂದ್ರಗಳಲ್ಲಿ ದೊರೆಯುವ ಸೌಲಭ್ಯಗಳು

ನೆಗಡಿ, ಕೆಮ್ಮು, ಫ್ಲೂ ಜ್ವರ, ದಡಾರ, ಕೋವಿಡ್-19 ಮುಂತಾದವು ವೈರಾಣುಗಳಿಂದ ಉಂಟಾಗಿ ಉಸಿರಿನ ಮೂಲಕ ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಗಳಾಗಿವೆ. ಯಾವುದೇ ಆಹಾರ ಪದಾರ್ಥವು ವೈರಾಣು ದೇಹವನ್ನು ಪ್ರವೇಶಿಸದಂತೆ ತಡೆಯುವುದಿಲ್ಲ. ಆದರೆ ಒಂದೇ ಮನೆಯಲ್ಲಿ ಒಂದೇ ಕೆಮ್ಮು ಬಂದಾಗ ಒಂದು ಮಗು ಮೂರು ದಿನಗಳಲ್ಲಿ ಚೇತರಿಸಿಕೊಂಡು ಇನ್ನೊಂದು ಮಗು ನ್ಯುಮೋನಿಯಕ್ಕೆ ತುತ್ತಾಗುವುದಕ್ಕೆ ಇರುವ ಕಾರಣಗಳಲ್ಲಿ ಅಪೌಷ್ಟಿಕತೆಯು ಮುಖ್ಯವಾದುದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ. 19.5ರಷ್ಟು ಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಆದುದರಿಂದ ಈ ವಿಷಯವು ಕೆಲವೇ ಕುಟುಂಬಗಳಿಗೆ ಸೀಮಿತವಾದುದಲ್ಲ.

ಅಪೌಷ್ಟಿಕತೆಯಿಂದ ಸೋಂಕು ಹೇಗೆ ಉಲ್ಬಣಿಸುತ್ತದೆ

ಮೂಗು, ಗಂಟಲು ಮತ್ತು ಶ್ವಾಸನಾಳಗಳ ಒಳಪದರವು ದೇಹದ ಮೊದಲ ಕಾವಲು. ಈ ಪದರವನ್ನು ತೇವವಾಗಿ, ಬಿರುಕಿಲ್ಲದಂತೆ ಇರಿಸಲು ಎ ಅನ್ನಾಂಗ ಅವಶ್ಯಕ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ವೃದ್ಧಿಯಾಗಲು ಸತು ಮತ್ತು ಕಬ್ಬಿಣ, ಪ್ರತಿಕಾಯಗಳು ಉತ್ಪತ್ತಿಯಾಗಲು ಸಸಾರಜನಕ ಬೇಕು. ಊಟ ಸಾಲದ ದೇಹದಲ್ಲಿ ಇವೆಲ್ಲವೂ ಏಕಕಾಲಕ್ಕೆ ಕುಂದುತ್ತವೆ. ಜ್ವರ ಬಂದಾಗ ಮಗುವಿನ ಹಸಿವು ಕಡಿಮೆಯಾಗಿ, ದೇಹದ ಖರ್ಚು ಮಾತ್ರ ಹೆಚ್ಚಾಗುತ್ತದೆ. ತೂಕ ಇಳಿದ ಮಗುವಿಗೆ ಮುಂದಿನ ಸೋಂಕು ಇನ್ನೂ ತೀವ್ರವಾಗಿ ತಗಲುತ್ತದೆ. ಆದಾಯವಿಲ್ಲದೆ ಖರ್ಚು ಮಾತ್ರ ಏರುತ್ತಿರುವ ಮನೆಯಂತೆ ಈ ಚಕ್ರವು ಮಗುವಿನ ಉಳಿತಾಯವನ್ನೆಲ್ಲ ಕರಗಿಸುತ್ತದೆ.

ಇದು ಅತ್ಯಂತ ಸ್ಪಷ್ಟವಾಗಿ ಕಂಡುಬರುವುದು ದಡಾರದಲ್ಲಿ. ಉತ್ತರ ಕರ್ನಾಟಕದಲ್ಲಿ ಗೊಬ್ಬರ ಎಂದು ಕರೆಯಲ್ಪಡುವ ಈ ಕಾಯಿಲೆಯು ದೇಹದಲ್ಲಿನ ಎ ಅನ್ನಾಂಗದ ದಾಸ್ತಾನನ್ನು ಬರಿದುಮಾಡುತ್ತದೆ. ಹಿಂದಿನ ಸೋಂಕುಗಳಿಂದ ದೇಹ ಗಳಿಸಿಕೊಂಡಿದ್ದ ಪ್ರತಿಕಾಯಗಳಲ್ಲಿ ಒಂದು ಭಾಗವನ್ನೂ ಅಳಿಸಿಹಾಕುತ್ತದೆ. ಈ ಕಾರಣದಿಂದ ದಡಾರ ತಗುಲಿದ ಮಗುವಿಗೆ ವಯಸ್ಸಿಗೆ ಅನುಗುಣವಾದ ಪ್ರಮಾಣದ ಎ ಅನ್ನಾಂಗವನ್ನು ಒಂದರ ಹಿಂದೆ ಒಂದರಂತೆ ಎರಡು ದಿನ ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಇದನ್ನು ವೈದ್ಯಾಧಿಕಾರಿಗಳ ಸಲಹೆಯ ಮೇರೆಗೆ ಮಾತ್ರ ನೀಡತಕ್ಕದ್ದು. ಇದು ಲಸಿಕೆಗೆ ಬದಲಿಯಲ್ಲ. ದಡಾರ-ರುಬೆಲ್ಲಾ ಲಸಿಕೆಯನ್ನು 9 ರಿಂದ 12 ತಿಂಗಳೊಳಗೆ ಒಮ್ಮೆ, 16 ರಿಂದ 24 ತಿಂಗಳೊಳಗೆ ಮತ್ತೊಮ್ಮೆ ಹಾಕಿಸಲೇಬೇಕು.

ಎ ಅನ್ನಾಂಗದ ಒಂಬತ್ತು ಡೋಸುಗಳು

1970ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಮಕ್ಕಳಿಗೆ ಎ ಅನ್ನಾಂಗದ ದ್ರಾವಣವನ್ನು ಉಚಿತವಾಗಿ ನೀಡಲಾಗುತ್ತಿದೆ. ಅಂದು ಇದರ ಉದ್ದೇಶ ಮಕ್ಕಳ ಅಂಧತ್ವವನ್ನು ತಡೆಯುವುದಾಗಿತ್ತು. ಮೊದಲ ಡೋಸು ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆಯೊಂದಿಗೆ 1 ಮಿ.ಲೀ. (1 ಲಕ್ಷ ಅಂತರರಾಷ್ಟ್ರೀಯ ಮಾನ), ಎರಡನೆಯದು 16 ರಿಂದ 18 ತಿಂಗಳಲ್ಲಿ 2 ಮಿ.ಲೀ. (2 ಲಕ್ಷ ಮಾನ), ತದನಂತರ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ 2 ಮಿ.ಲೀ. ಹೀಗೆ ಒಟ್ಟು ಒಂಬತ್ತು ಡೋಸುಗಳು.

ಮೊದಲೆರಡು ಡೋಸುಗಳು ಲಸಿಕೆಯ ದಿನವೇ ಸಿಗುವುದರಿಂದ ಸಾಮಾನ್ಯವಾಗಿ ತಪ್ಪುವುದಿಲ್ಲ. ನಂತರದ ಹೆಚ್ಚಿನ ಡೋಸುಗಳಿಗೆ ಲಸಿಕೆಯ ನೆಪವಿಲ್ಲ. ಆದ್ದರಿಂದ ಅವು ಮರೆತುಹೋಗುವ ಸಂಭವ ಹೆಚ್ಚು. ಪೋಷಕರು ತಾಯಿ ಕಾರ್ಡಿನಲ್ಲಿ ಪ್ರತಿ ಡೋಸಿನ ದಿನಾಂಕ ನಮೂದಾಗಿರುವುದನ್ನು ಪರಿಶೀಲಿಸಿಕೊಳ್ಳಬೇಕು. ಮರೆತ ಡೋಸಿಗಾಗಿ ಎರಡು ಡೋಸುಗಳನ್ನು ಒಟ್ಟಿಗೆ ಕೇಳಬಾರದು. ಈ ಅನ್ನಾಂಗವು ಅತಿಯಾದರೆ ವಿಷವಾಗುತ್ತದೆ. ಗರ್ಭಿಣಿಯರು ಈ ದ್ರಾವಣವನ್ನು ಸೇವಿಸಕೂಡದು. ಅವರು ಸೊಪ್ಪು, ಸಿಹಿಕುಂಬಳ, ಪರಂಗಿ ಹಣ್ಣು, ಹಾಲು ಮತ್ತು ಮೊಟ್ಟೆಗಳ ಮೂಲಕವೇ ಇದನ್ನು ಪಡೆಯುವುದು ಕ್ಷೇಮ.

ರೋಗನಿರೋಧಕ ಪುಡಿ ಮತ್ತು ಮಾತ್ರೆಗಳ ಬಗ್ಗೆ

2020ರ ನಂತರ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವುದಾಗಿ ಹೇಳಿಕೊಳ್ಳುವ ಪುಡಿ, ಪಾನಕ, ಮಾತ್ರೆಗಳು ಮಾರುಕಟ್ಟೆಯಲ್ಲಿ ಹೇರಳವಾಗಿವೆ. ಸಿ ಅನ್ನಾಂಗದ ಮಾತ್ರೆಗಳನ್ನು ನಿತ್ಯವೂ ಸೇವಿಸಿದವರಲ್ಲಿ ನೆಗಡಿಯ ಅವಧಿ ವಯಸ್ಕರಿಗೆ ಸುಮಾರು ಶೇ. 8ರಷ್ಟು, ಮಕ್ಕಳಿಗೆ ಸುಮಾರು ಶೇ. 14ರಷ್ಟು ಕಡಿಮೆಯಾಯಿತೇ ಹೊರತು ಸಾಮಾನ್ಯ ಜನರಲ್ಲಿ ನೆಗಡಿ ಬರುವುದು ನಿಲ್ಲಲಿಲ್ಲವೆಂದು ಅನೇಕ ಪ್ರಯೋಗಗಳ ಒಟ್ಟು ಪರಿಶೀಲನೆಯಿಂದ ತಿಳಿದುಬಂದಿದೆ. ಡಿ ಅನ್ನಾಂಗದ ಬಗ್ಗೆ 2017ರಲ್ಲಿ ಪ್ರಕಟವಾದ ವಿಶ್ಲೇಷಣೆ ಅಲ್ಪ ಪ್ರಯೋಜನವನ್ನು ಸೂಚಿಸಿತ್ತು; ಹೆಚ್ಚಿನ ಪ್ರಯೋಗಗಳನ್ನು ಸೇರಿಸಿ 2025ರಲ್ಲಿ ಪುನಃ ಪರಿಶೀಲಿಸಿದಾಗ ಅದು ಖಚಿತವಾಗಿ ಉಳಿಯಲಿಲ್ಲ. ಕೊರತೆ ಇರುವವರಿಗೆ ವೈದ್ಯರು ಬರೆದುಕೊಟ್ಟಲ್ಲಿ ಮಾತ್ರೆ ಸೂಕ್ತ. ಕೊರತೆ ಇಲ್ಲದವರು ದುಬಾರಿ ಡಬ್ಬಿಗಾಗಿ ಮನೆಯ ಹಾಲು, ಬೇಳೆ, ಮೊಟ್ಟೆಯ ಖರ್ಚನ್ನು ಕಡಿತಗೊಳಿಸುವುದು ಎರಡು ರೀತಿಯಿಂದಲೂ ನಷ್ಟ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕಗಳ ಪ್ರಕಾರ 100 ಗ್ರಾಂ ನೆಲ್ಲಿಕಾಯಿ ಅಥವಾ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು ಸಿ ಅನ್ನಾಂಗವಿದೆ. ವಯಸ್ಕ ಪುರುಷನಿಗೆ ದಿನಕ್ಕೆ ಬೇಕಾದುದು 80 ಮಿಲಿಗ್ರಾಂ ಮಾತ್ರ. ಹಿತ್ತಿಲಿನ ನುಗ್ಗೆಸೊಪ್ಪಿನ ಬೆಲೆ ಏನೂ ಇಲ್ಲವೆಂದೇ ಹೇಳಬಹುದು. ಬಯಲುಸೀಮೆಯ ರಾಗಿಮುದ್ದೆ ಮತ್ತು ಸೊಪ್ಪಿನ ಸಾರು, ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಕಾಳುಪಲ್ಯ ಮತ್ತು ಶೇಂಗಾ ಚಟ್ನಿ, ಕರಾವಳಿಯ ಕುಚ್ಚಲಕ್ಕಿ ಗಂಜಿ ಮತ್ತು ಬೂತಾಯಿ ಮೀನು, ಇವು ಉತ್ತಮ ಆಹಾರಗಳೇ. ಕೊರತೆ ಕಂಡುಬರುವುದು ಮುದ್ದೆ ಅಥವಾ ಅನ್ನ ಉಳಿದು, ಕಾಳು, ಸೊಪ್ಪು, ಹಾಲುಗಳು ತಟ್ಟೆಯಿಂದ ಮರೆಯಾದಾಗ. ಊಟದೊಂದಿಗೆ ನಿಂಬೆರಸ ಸೇರಿಸಿದಲ್ಲಿ ಸೊಪ್ಪು-ಕಾಳುಗಳಲ್ಲಿನ ಕಬ್ಬಿಣ ದೇಹಕ್ಕೆ ಹೆಚ್ಚು ಹತ್ತುತ್ತದೆ. ಊಟದ ಜೊತೆಯಲ್ಲೇ ಚಹಾ ಕುಡಿದರೆ ಕಡಿಮೆಯಾಗುತ್ತದೆ.

ಶಿಶುಗಳು ಮತ್ತು ಕಾಯಿಲೆಯ ಸಮಯದ ಊಟ

ಹೆರಿಗೆಯಾದ ಒಂದು ಗಂಟೆಯೊಳಗೆ ಎದೆಹಾಲು ಆರಂಭಿಸಬೇಕು. ಮೊದಲು ಬರುವ ಹಳದಿ ಬಣ್ಣದ ಗಟ್ಟಿ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ಪದ್ಧತಿ ಕೆಲವೆಡೆ ಇದ್ದು, ಇದನ್ನು ಕೈಬಿಡತಕ್ಕದ್ದು. ತಾಯಿಯ ಪ್ರತಿಕಾಯಗಳು ಹೇರಳವಾಗಿರುವ ಈ ಹಾಲು ಮಗುವಿಗೆ ಮೊದಲ ಲಸಿಕೆಗೆ ಸಮಾನ. ಆರು ತಿಂಗಳವರೆಗೆ ನೀರು, ಜೇನುತುಪ್ಪ, ಸಕ್ಕರೆ ನೀರು ಯಾವುದನ್ನೂ ನೀಡದೆ ಎದೆಹಾಲನ್ನೇ ಕುಡಿಸಬೇಕು. ಆರು ತಿಂಗಳ ನಂತರ ಎರಡು ವರ್ಷಗಳವರೆಗೆ ಎದೆಹಾಲಿನೊಂದಿಗೆ ರಾಗಿ ಸರಿ, ಕಿವುಚಿದ ಅನ್ನ-ಬೇಳೆ, ಬೇಯಿಸಿದ ತರಕಾರಿ ಮತ್ತು ಮೊಟ್ಟೆಯನ್ನು ಕೊಡಬೇಕು.

ಕೆಮ್ಮು, ಶೀತ ಬಂದ ಮಗುವಿಗೆ ಬಾಳೆಹಣ್ಣು, ಮೊಸರು, ಹಾಲು ಶೀತವೆಂದು ನಿಲ್ಲಿಸಿ ವಾರಗಟ್ಟಲೆ ಬರಿಯ ಗಂಜಿತಿಳಿಯ ಮೇಲೆ ಇಡುವುದು ಹಲವು ಮನೆಗಳಲ್ಲಿ ರೂಢಿಯಲ್ಲಿದೆ. ಹಿರಿಯರ ಕಾಳಜಿಯಿಂದಲೇ ಹುಟ್ಟಿದ ಈ ಪಥ್ಯವು ಮಗುವನ್ನು ಇನ್ನಷ್ಟು ಸೊರಗಿಸುತ್ತದೆ. ಕಾಯಿಲೆಯ ಮಗುವಿಗೆ ಮೆದುವಾದ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಬಾರಿ ನೀಡಿ, ಗುಣವಾದ ಮೇಲೆ ಎರಡು ವಾರಗಳ ಕಾಲ ದಿನಕ್ಕೊಂದು ಹೊತ್ತಿನ ಊಟವನ್ನು ಹೆಚ್ಚಿಗೆ ಕೊಡಬೇಕು.

ಮಗು ಶಾಂತವಾಗಿರುವಾಗ ಎಣಿಸಿದಲ್ಲಿ ನಿಮಿಷಕ್ಕೆ ಎರಡು ತಿಂಗಳೊಳಗಿನ ಮಗುವಿಗೆ 60, ಎರಡರಿಂದ ಹನ್ನೆರಡು ತಿಂಗಳೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಅದಕ್ಕೂ ಹೆಚ್ಚು ಉಸಿರುಗಳು ಕಂಡುಬಂದರೆ, ಪಕ್ಕೆಗಳ ಕೆಳಭಾಗ ಒಳಗೆ ಸೆಳೆದುಕೊಂಡರೆ, ಅಥವಾ ಮಗು ಹಾಲು ಕುಡಿಯದಿದ್ದರೆ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. 108 ಆಂಬುಲೆನ್ಸ್ ಸೇವೆ ಉಚಿತ.

ಸೌಲಭ್ಯ ಪಡೆಯುವ ವಿಧಾನ

ರಾಜ್ಯದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಆರಂಭವಾಯಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯನ್ವಯ ಗರ್ಭಿಣಿಯರಿಗೆ, ಹೆರಿಗೆಯಾಗಿ ಆರು ತಿಂಗಳವರೆಗಿನ ಬಾಣಂತಿಯರಿಗೆ ಮತ್ತು ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯ ಪೂರಕ ಆಹಾರ ಒಂದು ಹಕ್ಕಾಗಿದೆ. ಇದಕ್ಕೆ ಬಿ.ಪಿ.ಎಲ್. ಪಡಿತರ ಚೀಟಿ ಬೇಕಿಲ್ಲ, ಶುಲ್ಕವಿಲ್ಲ. ವಾಸಸ್ಥಳದ ಅಂಗನವಾಡಿ ಕಾರ್ಯಕರ್ತೆಯವರಲ್ಲಿ ತಾಯಿ ಕಾರ್ಡಿನೊಂದಿಗೆ ಹೆಸರು ನೋಂದಾಯಿಸಬೇಕು. ತಾಯಿಯ ಆಧಾರ್ ಮೇಲೆ ಮಗುವಿನ ನೋಂದಣಿ ಆಗುವುದರಿಂದ ಮಗುವಿಗೆ ಆಧಾರ್ ಕಡ್ಡಾಯವಲ್ಲ. ಕಟ್ಟಡ ಕೆಲಸ ಅಥವಾ ಕಬ್ಬು ಕಟಾವಿಗಾಗಿ ವಲಸೆ ಹೋಗುವ ಕುಟುಂಬದವರು ತಾಯಿ ಕಾರ್ಡನ್ನು ಜೊತೆಯಲ್ಲಿ ಒಯ್ದು, ತಾವು ಇಳಿದುಕೊಂಡ ಊರಿನ ಅಂಗನವಾಡಿಯಲ್ಲಿ ಸೇವೆ ಪಡೆಯಬಹುದು.

ಆರು ತಿಂಗಳು ಮೇಲ್ಪಟ್ಟ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದಲ್ಲಿ ಅದನ್ನು ತೀವ್ರ ಅಪೌಷ್ಟಿಕತೆ ಎಂದು ಪರಿಗಣಿಸಿ, ವೈದ್ಯಕೀಯ ತಪಾಸಣೆಯ ನಂತರ ಅಗತ್ಯವಿದ್ದಲ್ಲಿ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸಲಾಗುತ್ತದೆ. ಅಲ್ಲಿ ಸಾಮಾನ್ಯವಾಗಿ 14 ದಿನಗಳ ಕಾಲ ಮಗುವಿಗೆ ಚಿಕಿತ್ಸೆ ಹಾಗೂ ಜೊತೆಗಿರುವ ತಾಯಿಗೆ ಊಟ ಉಚಿತವಾಗಿದ್ದು, ತಾಯಿ ಕಳೆದುಕೊಂಡ ಕೂಲಿಗೆ ಭತ್ಯೆಯನ್ನೂ ನೀಡಲಾಗುತ್ತದೆ. ಕೂಲಿ ತಪ್ಪುವುದೆಂಬ ಚಿಂತೆಯಿಂದ ಮಗುವನ್ನು ಅರ್ಧದಲ್ಲೇ ಮನೆಗೆ ಕರೆದೊಯ್ಯದೆ, ದಾಖಲಾದ ದಿನವೇ ಈ ಭತ್ಯೆಯ ಬಗ್ಗೆ ವಿಚಾರಿಸಿ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ ಸಲ್ಲಿಸುವುದು.

ಆಹಾರ ದೊರೆಯದಿದ್ದಲ್ಲಿ ಅಥವಾ ಅದರ ಗುಣಮಟ್ಟ ಸರಿಯಿಲ್ಲದಿದ್ದಲ್ಲಿ ಸಂಬಂಧಪಟ್ಟ ವಲಯದ ಮೇಲ್ವಿಚಾರಕಿಯವರಿಗೆ, ತದನಂತರ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು.